ಕೊಯ್ನೆಯ ನಡುನೀರಿನಲ್ಲಿ ಸಂಜೆಯೂಟ

ನಮ್ಮ ಮನೆಯಲ್ಲಿ ಗೋಡೆ ಗಡಿಯಾರ ಇರುವುದು ಬರೀ ಶೋಭೆಗೆ. ಹೊತ್ತು ಹೇಳುವವನು ಸೂರ್ಯ. ಜೈನರ ಮನೆ, ಹೊತ್ತು ಮುಳುಗಿತೆಂದರೆ ಮರುದಿನ ಮೂಡುವವರೆಗೆ ತುತ್ತು ಅನ್ನವಿಲ್ಲ, ಅವ್ವನಿಗಂತೂ ಗುಟುಕು ನೀರೂ ಇಲ್ಲ. ನಾನೂ ಅವಳಷ್ಟೇ ನಿಷ್ಠಾವಂತ ಎಂದು ಯಾರೂ ತಿಳಿಯಬಾರದು. ಅವಳದು ಭಕ್ತಿ, ನನ್ನದು ಭಯ. ಕುಪವಾಡದ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಸಂಜೆಯ ಬಿಸಿಲು ಬಾಗಿಲು ದಾಟಿ ಒಳಗೆ ಬಂದಿತೆಂದರೆ ಲೇಥು ತಿರುಗುತ್ತಿರಲಿ, ಗಿರಾಕಿ ಎದುರಿಗೆ ಕೂತಿರಲಿ, ನಾನು ಸ್ಕೂಟರ್ ಹತ್ತಿ ಸಾಂಗ್ಲಿವಾಡಿಯ ಮನೆಯ ದಾರಿ ಹಿಡಿಯುತ್ತೇನೆ. ಕೃಷ್ಣೆಯ ಸೇತುವೆಯ ಮೇಲೆ ಟ್ರಾಫಿಕ್ ನಿಂತರೆ ಉಳಿದವರು ಮುಂದಿನ ಗಾಡಿಯವನನ್ನು ಬೈಯುತ್ತಾರೆ, ನಾನು ಸೂರ್ಯನನ್ನು ಬೇಡಿಕೊಳ್ಳುತ್ತೇನೆ. ಈ ವಯಸ್ಸಿನಲ್ಲೂ ಹಸಿವೆ ತಡೆಯಲಾರದ ಗಂಡಸು ಎಂದು ನನ್ನ ಹೆಂಡತಿ ಸುನಂದಾ ತವರಿನಲ್ಲೆಲ್ಲ ಹೇಳಿಟ್ಟಿದ್ದಾಳೆ.

ಹೋದ ಚಳಿಗಾಲದಲ್ಲಿ ಕೊಯ್ನಾ ಹಿನ್ನೀರು ನೋಡಬೇಕೆಂದು ಹಟ ಹಿಡಿದವಳೂ ಅವಳೇ. ನಮ್ಮ ಊರಿನವರಿಗೆ ಕೊಯ್ನಾ ಎಂದರೆ ಪ್ರವಾಸವಲ್ಲ, ಮಳೆಗಾಲದ ಎದೆಗುದಿ. "ಕೊಯ್ನಾದಿಂದ ಎಷ್ಟ ನೀರ ಬಿಟ್ಟಾರಂತ?" ಎಂದು ಒಬ್ಬರನ್ನೊಬ್ಬರು ಕೇಳುತ್ತ ಗೋಧಿ ಚೀಲವನ್ನು ಅಟ್ಟಕ್ಕೇರಿಸುವ ಜನ ನಾವು. ಮಹಾಪೂರ ಬಂದಾಗ ಅಲ್ಲಿಂದ ಹೊರಟ ನೀರು ಕೃಷ್ಣೆಯನ್ನು ಕೂಡಿಕೊಂಡು ನೇರ ನಮ್ಮ ಅಡುಗೆಮನೆಗೆ ಬಂದು, ಒಲೆಕಟ್ಟೆಯ ಮೇಲೆ ಎರಡು ದಿನ ಕೂತು ಹೋಗಿತ್ತು. "ಆ ನೀರ ನೋಡಾಕ ನಾವ್ಯಾಕೋ ಹೋಗೂದು? ಅದ ನಮ್ಮನಿಗೆ ಬಂದ್ ಹೋಗೇತಿ" ಎಂದಳು ಅವ್ವ. ಹಾಗೆಂದರೂ ಹೊರಡುವ ದಿನ ಹೊತ್ತು ಮೂಡಿದ್ದೇ ತಡ ಬುತ್ತಿಗೆ ಧಪಾಟಿ ರೊಟ್ಟಿ ತಟ್ಟಲು ಕೂತವಳೂ ಅವಳೇ.

ಘಾಟಿನ ತಿರುವುಗಳಲ್ಲಿ ಹೊಟ್ಟೆ ತೊಳಸೀತೆಂದು ಅವ್ವ ಮಧ್ಯಾಹ್ನ ಒಂದು ಬಾಳೆಹಣ್ಣಿಗೇ ಊಟ ಮುಗಿಸಿದಳು. ಸಂಜೆ ನೀರಿನ ದಂಡೆಯಲ್ಲಿ ನೆಟ್ಟಗೆ ಉಂಡರಾಯಿತು ಎಂದು ನಾನೂ ಧೈರ್ಯ ಹೇಳಿದೆ. ಕೊನೆಯ ತಿರುವು ದಾಟಿದ್ದೇ ನಾನು ಕಾರು ನಿಲ್ಲಿಸಿದೆ. ಕೆಳಗೆ, ಎಷ್ಟು ದೂರ ಕಣ್ಣು ಹಾಯಿಸಿದರೂ ನೀರು. ಗುಡ್ಡಗಳ ಸಂದುಗೊಂದುಗಳಲ್ಲೆಲ್ಲ ಸದ್ದಿಲ್ಲದೆ ಹೊಕ್ಕು, ಹಸಿರೋ ನೀಲಿಯೋ ಹೇಳಲಾಗದ ಬಣ್ಣದಲ್ಲಿ ಸುಮ್ಮನೆ ಮಲಗಿತ್ತು. ಅಷ್ಟು ನೀರನ್ನು ಅಷ್ಟು ಶಾಂತವಾಗಿ ನಾನು ಹಿಂದೆಂದೂ ಕಂಡಿರಲಿಲ್ಲ. "ಇದ ಏನೋ ನಮ್ಮ ಅಡಿಗಿಮನಿಗೆ ಬಂದದ್ದು?" ಎಂದು ಅವ್ವ ಮೆಲ್ಲಗೆ ಕೇಳಿದಳು. ಹೌದೆಂದೆ. "ಇಲ್ಲಿ ಎಷ್ಟ ಶಾಣ್ಯಾ ಆಗಿ ಕುಂತೇತಿ ನೋಡ" ಎಂದು ಕಾರಿನ ಕಿಟಕಿಯಿಂದಲೇ ಕೈಮುಗಿದಳು.

ದಂಡೆಯಲ್ಲಿ ಭಜಿ ಅಂಗಡಿಗಳ ಸಾಲೇ ಇತ್ತು. ಎಲ್ಲ ಈರುಳ್ಳಿಯವು, ಆಲೂಗಡ್ಡೆಯವು. ಗಡ್ಡೆಗೆಣಸು ತಿನ್ನದ ನಮ್ಮ ಪಾಲಿಗೆ ಬರೀ ವಾಸನೆ. ಬೋಟು ಗೊತ್ತುಮಾಡಿಕೊಂಡು, ಡಬ್ಬಿಯ ಚೀಲ ಹೊತ್ತು, ಪಡುವಲ ಗುಡ್ಡದ ಬುಡದ ಕಾಡಿಗೆ ಹೋದೆವು. ಅಲ್ಲಿ ಹಕ್ಕಿ ಕೂಗಿದರೆ ಎದುರು ಗುಡ್ಡ ಅದನ್ನೇ ತಿರುಗಿ ಹೇಳುತ್ತಿತ್ತು. ಬಾಯಿಗೆ ಕೈ ಅಡ್ಡ ಹಿಡಿದು ನಾನೂ ಒಮ್ಮೆ ಕೂಗಿ ನೋಡಿದೆ. ಅದೇ ಗುಂಗಿನಲ್ಲಿ ಅಲೆಯುತ್ತಿರುವಾಗ ಮೈ ತಣ್ಣಗಾಯಿತು. ತಲೆ ಎತ್ತಿದರೆ ಸೂರ್ಯ ಇಲ್ಲ! ನಾನು ಸಾಂಗ್ಲಿವಾಡಿಯ ಲೆಕ್ಕ ಹಿಡಿದಿದ್ದೆ. ಅಲ್ಲಿ ಕಬ್ಬಿನ ಗದ್ದೆಯ ಆಚೆ ನೆಲ ಮುಟ್ಟುವವರೆಗೂ ಅವನು ಕಾಣುತ್ತಾನೆ. ಇಲ್ಲಿ ಗುಡ್ಡ ಅವನನ್ನು ಹೊತ್ತಿಗೆ ಮುಂಚೆಯೇ ನುಂಗಿತ್ತು.

ಅವ್ವ ಕಲ್ಲಿನ ಮೇಲೆ ಕೂತುಬಿಟ್ಟಳು. ಮುಖ ಬಾಡಿತ್ತು, ತುಟಿ ಒಣಗಿದ್ದವು. ಬಾಳೆಹಣ್ಣಿನ ಮೇಲೆ ನಾಳೆ ಬೆಳಗಿನವರೆಗೆ, ಅದೂ ನೀರಿಲ್ಲದೆ, ಈ ಜೀವ ಹೇಗೆ ತಡೆದೀತು ಎಂದು ನನಗೆ ನಿಜಕ್ಕೂ ಹೆದರಿಕೆಯಾಯಿತು.

"ಅತ್ತಿ, ಹೊತ್ತ ಮುಳಗಾಕ ಇನ್ನೂ ಮುಕ್ಕಾಲ ತಾಸ ಐತಂತ ಮೊಬೈಲ್‌ನ್ಯಾಗ ತೋರಸ್ತೇತ್ರಿ. ಗುಡ್ಡ ಅಡ್ಡ ಬಂದೇತಿ, ಅಷ್ಟ. ಉಣ್ರಿ" ಎಂದಳು ಸುನಂದಾ.

"ಮೊಬೈಲ್ ಕೇಳಿ ನಾ ವ್ರತಾ ಹಿಡದಿಲ್ಲವಾ. ಕಣ್ಣಿಗೆ ಕಾಣೂ ಸೂರ್ಯನ್ನ ನೋಡಿ ಹಿಡದೇನಿ."

"ಮಾಡ ಮುಚ್ಚಿದ ದಿನಾ ಉಣ್ತಿಯಲ್ಲಬೇ?" ಎಂದು ನಾನು ಮೋಡದ ನೆಪ ಹಿಡಿದು ವಕೀಲಿಕೆ ಮಾಡಿದೆ.

"ಮಾಡ ಸರೀತೇತಿ. ಈ ಗುಡ್ಡ ಸರೀತೇತೇನು?"

ನಾನು ಡಬ್ಬಿಯ ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡೆ. ಸುನಂದಾ ಮಾತ್ರ ನೀರಿನ ಕಡೆ ನೋಡುತ್ತ ನಿಂತಿದ್ದಳು. ನಮ್ಮ ದಂಡೆಗೆ ಗುಡ್ಡದ ನೆರಳು ಬಿದ್ದಿತ್ತು. ನಡುನೀರಿನ ಆಚೆಗೆಲ್ಲ ಇನ್ನೂ ಬಿಸಿಲು. "ಗುಡ್ಡ ಸರೀಲಿಲ್ಲಂದ್ರ ನಾವ ಸರಿಯೂಣ ಏಳ್ರಿ" ಎಂದವಳೇ ಅವ್ವನ ರಟ್ಟೆ ಹಿಡಿದು ಬೋಟಿಗೆ ಹತ್ತಿಸಿದಳು. ಅವ್ವ ಬೋಟಿನವನಿಗೆ ಮರಾಠಿಯಲ್ಲಿ, "ದಾದಾ, ಉನ್ಹಾತ ಚಲಾ!" ಎಂದಳು. ಬಿಸಿಲಿಗೆ ನಡೆಸಪ್ಪಾ ಎಂದು. ಇಂಥ ಊರಿನ ಹೆಸರು ಅವನು ಹಿಂದೆ ಕೇಳಿರಲಿಲ್ಲ ಎಂದು ಕಾಣುತ್ತದೆ. ನಕ್ಕು ಇಂಜಿನ್ ಚಾಲೂ ಮಾಡಿದ.

ನೆರಳಿನ ಗೆರೆ ದಾಟಿದ್ದೇ ಸೂರ್ಯ ಗುಡ್ಡದ ನೆತ್ತಿಯ ಮೇಲೆ ಮತ್ತೆ ಎದ್ದು ಬಂದ. ಅವ್ವ ಅವನಿಗೆ ಮುಖ ಮಾಡಿ ಕೂತಳು. ನಾನು ಅವಳೆದುರು, ಡಬ್ಬಿಗೆ ಮುಖ ಮಾಡಿ ಕೂತೆ. ನೆರಳು ನೀರಿನ ಮೇಲೆ ನಮ್ಮನ್ನು ಅಟ್ಟಿಸಿಕೊಂಡು ಬರುತ್ತಿತ್ತು, ಬೋಟು ಮುಂದೆ ಓಡುತ್ತಿತ್ತು. "ಲಗೂ ಲಗೂ ಉಣ್ಣ ಅವ್ವಾ" ಎನ್ನುತ್ತ, ಅವಳಿಗೆ ಉದಾಹರಣೆಯಾಗಲೆಂದು, ನಾನೇ ಧಪಾಟಿಗೆ ಶೇಂಗಾ ಚಟ್ನಿ, ಗಟ್ಟಿ ಮೊಸರು ಹಚ್ಚಿ ಶುರುಮಾಡಿದೆ. ಅವಳು ಒಂದನ್ನು ತಿಂದಳು, ನೀರು ಕುಡಿದಳು. ಎರಡನೆಯದನ್ನು ಮುರಿದವಳು ಅಲ್ಲಿಗೇ ಕೈ ತಡೆದಳು. ತುತ್ತು ಕೈಯಲ್ಲಿ, ಕಣ್ಣು ನನ್ನ ತಲೆಯ ಮೇಲೆ ಎಲ್ಲೋ. ಅವಳ ನೆರೆಗೂದಲು, ಹಣೆಯ ಸುಕ್ಕು, ತೆರೆದ ಬಾಯಿ, ಎಲ್ಲ ಕೆಂಪಾಗಿದ್ದವು. ನನ್ನವ್ವ ಇಷ್ಟು ಚೆಂದ ಇದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. ಬೋಟಿನವನು ಯಾಕೋ ಇಂಜಿನ್ ಬಂದ್ ಮಾಡಿದ.

"ಇವ ಮುಳಗತಾನಂತ ಓಡಾಡೂದರಾಗ ಇಷ್ಟ ವರ್ಷ ಹೋದೂವು" ಎಂದಳು ಅವ್ವ. "ಹೆಂಗ ಮುಳಗತಾನ ನೋಡೇ ಇಲ್ಲ ನಾ."

ಕೈಯಲ್ಲಿದ್ದ ತುತ್ತನ್ನು ಡಬ್ಬಿಯಲ್ಲಿಟ್ಟು ಕೈಮುಗಿದಳು. ಹೊಟ್ಟೆ ತುಂಬಿತೇ ಎಂದು ಸುನಂದಾ ಕೇಳಿದ್ದಕ್ಕೆ, "ತುಂಬೇತಿ ತಗೋ, ಉಣ್ಣೂದು ದಿನಾ ಇದ್ದದ್ದ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀ ನೋಡಿದಿಲ್ಲೋ?" ಎಂದಳು.

ನಾನು ಗಡಬಡಿಸಿ ಹಿಂದೆ ತಿರುಗಿದೆ. ಬೂದಿ ಬಣ್ಣದ ಗುಡ್ಡವೊಂದೇ ನಿಂತಿತ್ತು. ಬಾಯಲ್ಲಿ ನಾಲ್ಕನೆಯ ಧಪಾಟಿ ಇತ್ತು.

"ಅವರು ಡಬ್ಬಿ ತಳಾ ನೋಡ್ಯಾರ್ರಿ ಅತ್ತಿ" ಎಂದಳು ಸುನಂದಾ.