ನಮ್ಮನೆ ಪೈಪಿಗೆ ಬಂದ ರಷ್ಯಾ

ಸಿರಿಮನೆ ಫಾಲ್ಸಿಗೆ ಹೋಗುವ ದಾರಿಯಲ್ಲಿ ಹೋಂಸ್ಟೇ ಇಟ್ಟುಕೊಂಡರೆ ಗಿರಾಕಿಗಳೇನೋ ಬುಕ್ ಮಾಡಿಯೇ ಬರುತ್ತಾರೆ. ಫಜೀತಿಗಳು ಮಾತ್ರ ಬುಕಿಂಗ್ ಇಲ್ಲದೆ ಬಂದು, ಊಟ ಮುಗಿದರೂ ಏಳದೆ ಕೂತಿರುತ್ತವೆ. ನಮ್ಮಲ್ಲಿ ಹಾಗೆ ಬಂದು ಕೂತ ಫಜೀತಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ರಷ್ಯಾ. ತಮಾಷೆ ಅಲ್ಲ, ಟಿ.ವಿ.ಯಲ್ಲಿ ಬರುವ ಆ ರಷ್ಯಾವೇ.

೧. ಹಲಸಿನ ಮರ

ನಮ್ಮ ಯಜಮಾನರು ರಷ್ಯಾ ಕಡೆ. ಯಾಕೆ ಅಂತ ಕೇಳಿ. ಅವರು ಶಾಲೆಗೆ ಹೋಗುವಾಗ ನೋಟ್ ಬುಕ್ಕಿಗೆ ಬೈಂಡ್ ಹಾಕುತ್ತಿದ್ದದ್ದು ರಷ್ಯಾದಿಂದ ಬರುತ್ತಿದ್ದ ಯಾವುದೋ ಪತ್ರಿಕೆಯ ಹಾಳೆಯಿಂದಂತೆ. "ವರ್ಷವಿಡೀ ಚೀಲದಲ್ಲಿ ಹೊರಳಾಡಿದರೂ ಆ ಕಾಗದ ಹರೀತಿರಲಿಲ್ಲ. ಅಂಥ ದೇಶ ಸೋಲ್ತದಾ?" ಅನ್ನುತ್ತಾರೆ. ವಿದೇಶಾಂಗ ನೀತಿ ಅಂದರೆ ಅವರಿಗೆ ಅಷ್ಟೇ.

ನನ್ನ ಅಣ್ಣ ಯುಕ್ರೇನ್ ಕಡೆ. ಅವನ ಮನೆ, ಅಂದರೆ ನನ್ನ ತವರು, ನಮ್ಮ ಮನೆಗಿಂತ ಸ್ವಲ್ಪ ಮೇಲೆ, ಗುಡ್ಡದ ಬದಿಗೆ. ಸಂಜೆ ನ್ಯೂಸ್ ನೋಡಲು ನಮ್ಮಲ್ಲಿಗೇ ಬರುತ್ತಿದ್ದ. ಇಬ್ಬರೂ ಒಬ್ಬರಿಗೊಬ್ಬರು ಭಾವ. ನನ್ನ ಕಾಫಿ ಕುಡಿದು, ನನ್ನ ಕೋಡುಬಳೆ ತಿಂದು, ಪ್ರಪಂಚದ ಜಗಳ ನನ್ನ ಜಗಲಿಯಲ್ಲೇ ಆಡುತ್ತಿದ್ದರು.

"ಅಲ್ಲ ಭಾವ, ಪಕ್ಕದವನ ಜಾಗಕ್ಕೆ ನುಗ್ಗೋದು ಯಾವ ನ್ಯಾಯ?" ಅಂದ ಅಣ್ಣ ಒಂದು ದಿನ.

"ನ್ಯಾಯದ ಮಾತು ನೀನು ಆಡಬೇಡ. ಹೋದ ಬೇಸಿಗೆಯಲ್ಲಿ ತಂತಿಬೇಲಿ ಹಾಕಿಸಿದೆಯಲ್ಲ, ನಮ್ಮ ಹಲಸಿನ ಮರ ನಿನ್ನ ಕಡೆ ಹೇಗೆ ಹೋಯ್ತು?"

"ಮರ ವಾಲಿತ್ತು ಮಾರಾಯ!"

"ಬುಡವೂ ವಾಲಿತ್ತಾ?"

ಇಬ್ಬರೂ ನನ್ನ ಕಡೆ ತಿರುಗಿದರು. "ನೀ ಹೇಳೇ, ನೀನು ಯಾರ ಕಡೆ?" ಒಬ್ಬ ಗಂಡ, ಒಬ್ಬ ಅಣ್ಣ. ಏನಂತ ಹೇಳಲಿ? "ಒಲೆ ಮೇಲೆ ಹಾಲಿದೆ" ಅಂತ ಒಳಗೆ ಓಡಿದೆ. ಆಮೇಲೆ ನ್ಯೂಸಿನಲ್ಲಿ ಬಂತು, ವಿಶ್ವಸಂಸ್ಥೆಯಲ್ಲಿ ವೋಟಿಗೆ ಹಾಕಿದಾಗ ಇಂಡಿಯಾ ಯಾರ ಪರವಾಗಿಯೂ ಕೈ ಎತ್ತಲಿಲ್ಲ ಅಂತ. ಪಾಪ, ಅವರ ಒಲೆ ಮೇಲೂ ಹಾಲಿತ್ತೇನೋ.

೨. ದೊಡ್ಡಮ್ಮನ ನೀರು

ಒಂದು ಸಂಜೆ ಮಾತು ವಿಪರೀತ ಆಯಿತು. ಇವರು ಅಣ್ಣನಿಗೆ "ನೀನು ಅಮೆರಿಕದ ಚಮಚ" ಅಂದುಬಿಟ್ಟರು. ಅಮೆರಿಕ ಹಾಗಿರಲಿ, ಅಣ್ಣ ಆಚೆ ಕಡೆ ನರಸಿಂಹರಾಜಪುರ ದಾಟಿದವನೂ ಅಲ್ಲ. ಆದರೂ ಸಿಟ್ಟು ಬಂತು. ಅರ್ಧ ಕಾಫಿ ಬಿಟ್ಟು ಎದ್ದು ಹೋದ.

ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಬುಸ್ ಅಂತ ಗಾಳಿ. ನಮಗೆ ನೀರು ಬರುವುದು ಗುಡ್ಡದ ಒರತೆಯಿಂದ, ಪೈಪಿನಲ್ಲಿ. ಆ ಪೈಪು ಅಣ್ಣನ ಹಿತ್ತಲು ದಾಟಿಯೇ ಬರಬೇಕು. ವಾಲ್ವ್ ಇರುವುದೂ ಅಲ್ಲೇ. ಫೋನ್ ಮಾಡಿದೆ.

"ನಿನ್ನ ಮೇಲೆ ನಂಗೆ ಸಿಟ್ಟಿಲ್ಲ ತಂಗಿ" ಅಂದ. "ಇದು ನಿರ್ಬಂಧ. ಭಾವ ತಪ್ಪಾಯ್ತು ಅಂದರೆ ವಾಲ್ವ್ ತೆಗೀತೇನೆ."

ಇವರಿಗೆ ಹೇಳಿದರೆ, "ಅವನ ನೀರು ಒಂದು ಹನಿಯೂ ಈ ಮನೆಗೆ ಬರಕೂಡದು!" ಅಂದರು. ಹೇಳೋದು ಸುಲಭ. ಪಾತ್ರೆ ತೊಳೆಯುವವಳು ನಾನು. ಅದೂ ಅಲ್ಲದೆ ನಮ್ಮ ಹೋಂಸ್ಟೇಗೆ ಮೊಟ್ಟಮೊದಲ ಫಾರಿನ್ ಬುಕಿಂಗ್ ಬಂದಿತ್ತು, ಆ ವಾರವೇ ಬರುವವರಿದ್ದರು. ನೀರಿಲ್ಲದ ಮನೆ ಅಂತ ಅವರು ಫೋನಿನಲ್ಲಿ ಬರೆದು ಹಾಕಿದರೆ ಆಮೇಲೆ ನಾಯಿಯೂ ಬುಕ್ ಮಾಡಲಿಕ್ಕಿಲ್ಲ. ಕೂತು ಅತ್ತುಬಿಟ್ಟೆ.

ಕೊನೆಗೆ ಪಕ್ಕದ ಮನೆ ದೊಡ್ಡಮ್ಮನನ್ನು ಕೇಳಿಕೊಂಡು, ಅವರ ನಲ್ಲಿಯಿಂದ ಹೋಸ್ ಪೈಪ್ ಎಳೆದು ನಮ್ಮ ಡ್ರಮ್ ತುಂಬಿಸಿದೆ. ದೊಡ್ಡಮ್ಮನಿಗೆ ನೀರು ಎಲ್ಲಿಂದ ಬರುತ್ತದೆ ಅಂದರೆ, ಅಣ್ಣನ ಹಿತ್ತಲಿಂದಲೇ, ಬೇರೆ ಪೈಪಿನಲ್ಲಿ. ರಷ್ಯಾದ ಎಣ್ಣೆ ಬೇಡವೇ ಬೇಡ ಅಂದ ದೇಶದವರು ಅದೇ ಎಣ್ಣೆಯನ್ನು ಇಂಡಿಯಾದಲ್ಲಿ ಶುದ್ಧ ಮಾಡಿದ ಮೇಲೆ ಕೊಂಡುಕೊಳ್ಳುತ್ತಾರೆ ಅಂತ ಟಿ.ವಿ.ಯಲ್ಲಿ ಕೇಳಿ ಇವರೇ ಹೊಟ್ಟೆ ಹಿಡಿದು ನಕ್ಕಿದ್ದರು.

ಈಗ ಒಂದು ಲೋಟ ಗಟಗಟ ಕುಡಿದು ಮೀಸೆ ಒರೆಸಿಕೊಂಡರು. "ನೋಡು, ದೊಡ್ಡಮ್ಮನ ನೀರಿನ ರುಚಿಯೇ ಬೇರೆ. ನಿಮ್ಮಣ್ಣನ ನೀರಲ್ಲಿ ಒಂಥರಾ ಅಹಂಕಾರ ಇತ್ತು."

"ಇನ್ನೊಂದು ಲೋಟ ಕೊಡಲಾ?" ಅಂದೆ.

೩. ತುಳು ಬಲ್ಲವರು

ಬುಕಿಂಗ್ ಮಾಡಿದವರ ಹೆಸರು ಫೋನಿನಲ್ಲಿ ಯಾವುದೋ ವಿಚಿತ್ರ ಅಕ್ಷರದಲ್ಲಿತ್ತು. ಇವರು ಕನ್ನಡಕ ಏರಿಸಿ ನೋಡಿ ಕುಣಿದಾಡಿದರು. "ರಷ್ಯನ್ ಕಣೇ! ರಷ್ಯಾದವರು ನಮ್ಮನೆಗೆ ಬರ್ತಿದಾರೆ!" ಗೇಟಿಗೆ "ರಷ್ಯಾದ ಬಂಧುಗಳಿಗೆ ಸ್ವಾಗತ" ಅಂತ ಕನ್ನಡದಲ್ಲಿ ಬೋರ್ಡೂ ಬರೆದು ಕಟ್ಟಿದರು. ಬಂದವರು ಗಂಡ ಹೆಂಡತಿ. ಬೋರ್ಡ್ ಓದಲು ಬಾರದ್ದರಿಂದ ಅದರ ಮುಂದೆ ನಿಂತು ಖುಷಿಯಾಗಿ ಫೋಟೋ ತೆಗೆಸಿಕೊಂಡರು.

ಶೃಂಗೇರಿಯಲ್ಲಿ ದೇವಸ್ಥಾನ ಸುತ್ತಿ ಬಂದಿದ್ದರು, ಹಸಿದಿದ್ದರು. ಬಡಿಸಲು ನಿಂತವಳು ನಮ್ಮ ಅಡುಗೆಯವಳು, ಕಾರ್ಕಳದ ಕಡೆಯವಳು, ಮನೆಮಾತು ತುಳು.

"ರೈಸ್?" ಅಂದಳು.

"ದಾ, ದಾ" ಅಂದ ಆ ಮನುಷ್ಯ. ಅವರ ಭಾಷೆಯಲ್ಲಿ ಹಾಗಂದರೆ ಹೌದು ಅಂತ. ತುಳುವಿನಲ್ಲಿ "ದಾದ" ಅಂದರೆ ಏನು ಅಂತ. ಇವಳು, ಕೇಳಿಸಲಿಲ್ಲವೇನೋ ಅಂದುಕೊಂಡು, ಸ್ವಲ್ಪ ಜೋರಾಗಿ "ರೈಸ್!" ಅಂದಳು.

"ದಾ, ದಾ!"

"ರೈಸ್!!"

ಸಾಲದ್ದಕ್ಕೆ, ಅವರ ಕಡೆಯ ರೂಢಿಯಂತೆ, ಆತ ಹೌದು ಅನ್ನುವಾಗ ನಮ್ಮ ಹಾಗೆ ತಲೆ ಮೇಲೆ ಕೆಳಗೆ ಮಾಡುತ್ತಿರಲಿಲ್ಲ, ಬೇಡ ಅನ್ನುವವರ ಹಾಗೆ ಅಡ್ಡಡ್ಡ ಅಲ್ಲಾಡಿಸುತ್ತಿದ್ದ. ಬಟ್ಟಲು ಖಾಲಿ, ತಲೆ ಬೇಡ ಅನ್ನುತ್ತಿದೆ, ಬಾಯಿ ಏನು ಅಂತ ಕೇಳುತ್ತಿದೆ. ಅವಳು ಸೌಟು ಹಿಡಿದುಕೊಂಡೇ ಒಳಗೆ ಬಂದಳು.

"ಅಕ್ಕ, ಪಾಪ ಅವರಿಗೆ ಕಿವಿ ಕೇಳುದಿಲ್ಲ" ಅಂದಳು. "ಆದ್ರೆ ತುಳು ಎಷ್ಟು ಚಂದ ಮಾತಾಡ್ತಾರೆ ಮಾರಾಯ್ತಿ!"

೪. ಪಟ್ಟ

ಮರುದಿನ ಬೆಳಿಗ್ಗೆ ಆ ಗಂಡಸು ಸ್ನಾನಕ್ಕೆ ಹೋಗಿದ್ದ. ಹೆಂಡತಿ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದಳು. ಅಣ್ಣನಿಗೆ ರಷ್ಯಾದವರನ್ನು ನೋಡದೆ ತಡೆಯಲಾಗಲಿಲ್ಲ. ಭಾವನ ಜೊತೆ ಮಾತು ಬಿಟ್ಟಿದ್ದರೂ ಕತ್ತಿ ಕೇಳುವ ನೆಪದಲ್ಲಿ ಬಂದು ಕಂಬಕ್ಕೆ ಒರಗಿ ನಿಂತ. ಅವನಿಗೆ ಕೇಳಲಿ ಅಂತಲೇ ಇವರು ಎದ್ದು ನಿಂತು, "ರಷ್ಯಾ, ಇಂಡಿಯಾ, ಓಲ್ಡ್ ಫ್ರೆಂಡ್!" ಅಂದರು.

ಆಕೆ ಲೋಟ ಕೆಳಗಿಟ್ಟಳು. "ನಾವು ರಷ್ಯಾದವರಲ್ಲ. ಬಲ್ಗೇರಿಯಾ."

"ಅದು ರಷ್ಯಾದ ಒಳಗೇ ಬರ್ತದಲ್ವಾ? ಕೇಳು" ಅಂದರು ಇವರು ನನಗೆ. ನನ್ನ ಬಿ.ಎ. ಇಂಗ್ಲಿಷಿನಲ್ಲಿ, ತುಂಬಾ ಮೆತ್ತಗೆ ಮಾಡಿ ಕೇಳಿದೆ. ಆದರೂ ಆಕೆ ಕೆಂಪಾದಳು. ಅದು ಬೇರೆಯೇ ದೇಶ, ಆ ಅಕ್ಷರವೂ ತಮ್ಮದೇ, ರಷ್ಯಾದವರೇ ತಮ್ಮಿಂದ ಕಲಿತದ್ದು ಅಂದಳು. ತನ್ನ ಅಪ್ಪನಿಗೆ ರಷ್ಯಾ ಅಂದರೆ ಜೀವ, ಗಂಡನಿಗೆ ಕಂಡರೆ ಆಗದು, ಮಾವ ಅಳಿಯ ಒಟ್ಟಿಗೆ ಊಟಕ್ಕೆ ಕೂತರೆ ತಾನು ಅಡುಗೆಮನೆ ಬಿಟ್ಟು ಹೊರಗೆ ಬರುವುದೇ ಇಲ್ಲ ಅಂತಲೂ ಹೇಳಿದಳು. ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು ನನಗೆ. ಯುದ್ಧ ಶುರುವಾದ ವರ್ಷ ದುಡ್ಡು ಕೊಡುವ ವಿಷಯದಲ್ಲಿ ತಕರಾರು ಬಂದು, ರಷ್ಯಾ ತಮ್ಮ ದೇಶಕ್ಕೆ ಬರುವ ಗ್ಯಾಸ್ ಪೈಪನ್ನೇ ಬಂದ್ ಮಾಡಿತು ಅಂದಳು. ಎಲ್ಲವನ್ನೂ ಇಬ್ಬರಿಗೂ ಕನ್ನಡದಲ್ಲಿ ಹೇಳಿದೆ.

ಅಣ್ಣ ಕಂಬ ಬಿಟ್ಟು ಹಾರಿದ. "ಕೇಳಿದ್ಯಾ ಭಾವ? ಪೈಪ್ ಬಂದ್ ಮಾಡೋದಂತೆ! ಛೀ, ಮನುಷ್ಯರು ಮಾಡೋ ಕೆಲಸವಾ ಅದು?"

ಇಲ್ಲ, ಅವನಿಗೆ ಹೊಳೆಯಲೇ ಇಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಬಚ್ಚಲಮನೆ ಬಾಗಿಲು ತೆರೆಯಿತು. ಆಕೆಯ ಗಂಡ ಟವೆಲ್ ಸುತ್ತಿಕೊಂಡು, ತಲೆ ತುಂಬಾ ಸೋಪಿನ ನೊರೆ ಹೊತ್ತು, ಒಂದೇ ಕಣ್ಣು ಬಿಟ್ಟುಕೊಂಡು ನಿಂತಿದ್ದ. ಡ್ರಮ್ ಖಾಲಿಯಾಗಿತ್ತು.

"ವಾಟರ್?" ಅಂದ.

ನಾಚಿಕೆಯಿಂದ ನೆಲಕ್ಕಿಳಿದು ಹೋದೆ. ಮರುಕ್ಷಣ ಎಲ್ಲಿತ್ತೋ ಸಿಟ್ಟು ನೆತ್ತಿಗೇರಿತು. ಹಾಲೂ ಬೇಡ, ಒಲೆಯೂ ಬೇಡ ಅಂತ ನೇರ ಬೆರಳು ತೋರಿಸಿ ಆತನಿಗೆ ಇಂಗ್ಲಿಷಿನಲ್ಲಿ ಹೇಳಿದೆ. "ಇವನು ನನ್ನ ಅಣ್ಣ. ಮೇಲಿನ ಮನೆಯವನು. ನನ್ನ ಗಂಡನ ಜೊತೆ ಜಗಳ ಆಡಿ ನಮ್ಮ ನೀರಿನ ಪೈಪ್ ಬಂದ್ ಮಾಡಿದಾನೆ."

ಆತ ಕಣ್ಣಿನ ನೊರೆ ಒರೆಸಿಕೊಂಡು ಅಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಹೆಂಡತಿಗೆ ಏನೋ ಅಂದ. ಆಕೆ ಬಿದ್ದು ಬಿದ್ದು ನಕ್ಕಳು, ಆಮೇಲೆ ನನಗೆ ಹೇಳಿದಳು.

"ಎಂತ ಹೇಳಿದ್ರು? ಎಂತ?" ಅಂತ ಅಣ್ಣ.

"ಓಹೋ, ಹಾಗಾದ್ರೆ ಈ ಊರಿನ ರಷ್ಯಾ ಇವನೇ, ಅಂದ್ರು."

ಅಣ್ಣನ ಮುಖ ನೋಡಬೇಕಿತ್ತು. ಚಪ್ಪಲಿಯನ್ನೂ ಮೆಟ್ಟದೆ ಗುಡ್ಡ ಹತ್ತಿ ಓಡಿದ. ಸ್ವಲ್ಪ ಹೊತ್ತಿಗೆ ಬಚ್ಚಲ ನಲ್ಲಿ ಕೆಮ್ಮಿ, ಕ್ಯಾಕರಿಸಿ, ಧೋ ಅಂತ ಸುರಿಯತೊಡಗಿತು. ನನಗೆ ಹೋದ ಜೀವ ಬಂದ ಹಾಗಾಯಿತು. ಹೊರಗೆ ಬಂದು ನೋಡಿದರೆ ಇವರು ಮುಖ ಊದಿಸಿಕೊಂಡು ಕೂತಿದ್ದಾರೆ.

"ಈಗ ನಿಮಗೆಂತಾಯ್ತು? ನೀರು ಬಂತಲ್ಲ!"

"ನೀರು ಬಂತು ಮಾರಾಯ್ತಿ" ಅಂದರು, ಅಳುವುದೊಂದೇ ಬಾಕಿ. "ಆದ್ರೆ ಇಷ್ಟು ವರ್ಷ ರಷ್ಯಾ ರಷ್ಯಾ ಅಂತ ಗಂಟಲು ಹರಕೊಂಡವನು ನಾನು. ಕಡೆಗೆ ಪಟ್ಟ ಅವನಿಗಾ?"