ಪಕ್ಕದ ಮನೆಯಲ್ಲಿ ನೀರು ಕೇಳಿ, ಆಮೇಲೆ ಪ್ಲಾಟ್ ಕೊಳ್ಳಿ

ನನ್ನ ಹೆಸರಿನಲ್ಲಿ ಒಂದು ಗೇಣು ಜಾಗವೂ ಇಲ್ಲ. ಹಾಗಾಗಿಯೇ ಪ್ಲಾಟ್ ಕೊಳ್ಳುವವರಿಗೆಲ್ಲ ಧೈರ್ಯವಾಗಿ ಸಲಹೆ ಕೊಡುತ್ತೇನೆ. ಸ್ವಂತ ಜಾಗ ಇದ್ದವರು ಅದರ ತಂಟೆಯಲ್ಲೇ ಮುಳುಗಿರುತ್ತಾರೆ. ಪರೋಪಕಾರಕ್ಕೆ ನನ್ನಂಥವನೇ ಬೇಕು. ನನಗಿರುವ ಆಸ್ತಿ ಗಂಟಲೊಂದೇ. ಯಾರ ದನಿ ಬೇಕಾದರೂ ತೆಗೆಯುತ್ತೇನೆ. ಸಿಂದಗಿಯ ಏಜೆಂಟ್ "ಬಸ್‌ಸ್ಟ್ಯಾಂಡ್ ಇಲ್ಲೇ ಐತ್ರಿ, ಐದ ಮಿನಿಟು" ಎನ್ನುತ್ತಾ ನಮ್ಮನ್ನು ಎಷ್ಟೋ ಮೈಲಿ ದೂರದ ಮೋರಟಗಿಯ ತನಕ ಒಯ್ಯುವುದು, ಮುದ್ದೇಬಿಹಾಳದವನು ಜಾಲಿಕಂಟಿಯ ನಡುವೆ ನಿಂತು "ಇಲ್ಲಿ ಗಾರ್ಡನ್ ಬರ್ತೈತ್ರಿ" ಎಂದು ಕಣ್ಣು ಮುಚ್ಚುವುದು, ಇವನ್ನೆಲ್ಲ ಕಲಿತದ್ದು ನಮ್ಮ ಕಾಕಾರ ಪುಣ್ಯದಿಂದ.

ಕಾಕಾ ಅಂದರೆ ನಮ್ಮ ಚಿಕ್ಕಪ್ಪ, ಇಂಡಿಯಲ್ಲಿ ನಿವೃತ್ತರಾದ ಗಣಿತದ ಮಾಸ್ತರರು. ನಾನು ಅವರ ಮನೆಯಲ್ಲೇ ಬೆಳೆದವನು. ಮೂರು ವರ್ಷ, ರವಿವಾರ ಬಂತೆಂದರೆ ನನ್ನ ಗಾಡಿಯ ಹಿಂದೆ ಕೂತು ಸುತ್ತಲಿನ ನಾಲ್ಕು ತಾಲೂಕಿನ ಪ್ಲಾಟ್ ನೋಡಿದರು. ಅವರದೊಂದು ಪದ್ಧತಿ. ಏಜೆಂಟ್ ಮಾತಾಡುತ್ತಿರುವಾಗಲೇ ಪಕ್ಕದ ಮನೆಯ ಬಾಗಿಲಿಗೆ ಹೋಗಿ "ಅವ್ವಾ, ಒಂದ ತಂಬಗಿ ನೀರು ಕೊಡ್ರಿ" ಎನ್ನುವುದು. ಬೆಲ್ಲದ ಜೊತೆ ನೀರು ಬರುತ್ತಿತ್ತು, ನೀರಿನ ಹಿಂದೆ ಮಾತು. ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಮಳೆಗಾಲದಲ್ಲಿ ಎಲ್ಲಿ ಕೆಸರು ನಿಲ್ಲುತ್ತದೆ, ಯಾವ ಜಾಗಕ್ಕಾಗಿ ಅಣ್ಣತಮ್ಮಂದಿರು ಕೋರ್ಟಿಗೆ ಅಲೆಯುತ್ತಿದ್ದಾರೆ. ಒಳ್ಳೆಯ ಸಲಹೆ, ಬರೆದಿಟ್ಟುಕೊಳ್ಳಿ. ತೊಂದರೆಯೆಂದರೆ ಕಾಕಾ ನೀರು ಕುಡಿದರೇ ಹೊರತು ಪ್ಲಾಟ್ ಹಿಡಿಯಲಿಲ್ಲ. ಬಾಗೇವಾಡಿಯ ಇಂಗಳೇಶ್ವರ ರಸ್ತೆಯ ಜಾಗ ಎಲ್ಲದರಲ್ಲೂ ಪಾಸಾದಾಗಲೂ "ವಿಚಾರ ಮಾಡೋಣು" ಎಂದರು. ಇತ್ತ ಅವರ ಹೆಂಡತಿ, ನಮ್ಮ ಕಾಕೂನ ತುಳಸಿ ಹನ್ನೊಂದು ಬಾಡಿಗೆ ಮನೆ ಸುತ್ತಿ ಇನ್ನೂ ಎಣ್ಣೆಡಬ್ಬಿಯಲ್ಲೇ ಇತ್ತು. "ನನ್ನ ಕಣ್ಮುಂದ ನಿನಗೊಂದು ಕಟ್ಟಿ ಆಗ್ತದೋ ಇಲ್ಲೋ" ಎಂದು ಆಕೆ ತುಳಸಿಗೆ ಹೇಳುತ್ತಿದ್ದಳು, ಕಾಕಾಗೆ ಕೇಳುವಷ್ಟು ಜೋರಾಗಿ.

ಒಂದು ಮುಂಜಾನೆ ನನ್ನ ಗಂಟಲು ತುರಿಸಿತು. ಕಾಕೂ ರೊಟ್ಟಿ ಬಡಿಯುತ್ತಿದ್ದಾಗ ಅಡಿಗೆಮನೆಯ ಹಿಂದೆ ನಿಂತು, ಗೆಳೆಯನ ಫೋನಿನಿಂದ, ಬಾಗೇವಾಡಿ ಏಜೆಂಟನ ದನಿ ತೆಗೆದೆ. "ಮಾಸ್ತರ್ರ, ಬ್ಯಾರೆ ಪಾರ್ಟಿ ಬಂದಾರ್ರಿ. ನಾಳಿ ಸಂಚಕಾರದ ರೊಕ್ಕ ಕೊಡ್ತಾರಂತ. ಆಮ್ಯಾಲ ನನ್ನ ಬೈಬ್ಯಾಡ್ರಿ." ಗೆಳೆಯನಿಗೆ ಫೋನ್ ಕೊಟ್ಟು, ನಗಲೆಂದು ಒಳಗೆ ಬಂದರೆ ಕಾಕಾ ಇಲ್ಲ! ಸಂಜೆ, ತಾವೇ ಬಾಗೇವಾಡಿಗೆ ಹೋಗಿ ಮುಂಗಡದ ಸಂಚಕಾರ ಕೊಟ್ಟು, ಪೇಢೆಯ ಪೊಟ್ಟಣ ಹಿಡಿದು ಬಂದರು. ಕಾಕೂ ತುಳಸಿಯ ಡಬ್ಬಿ ಮುಟ್ಟಿ ಕಣ್ಣೊರೆಸಿಕೊಂಡಳು.

ಫೋನ್ ಮಾಡಿದವನು ನಾನೆಂದು ಹೇಳಲು ಹೆದರಿದೆ. ಜಾಗದಲ್ಲಿ ಹುಳುಕಿದ್ದರೆ ಆ ಕಣ್ಣೀರಿಗೆ ಯಾರು ಹೊಣೆ? ಖರೀದಿಯ ನೋಂದಣಿಗೆ ಇನ್ನೂ ಒಂದು ತಿಂಗಳಿತ್ತು. ಕಚೇರಿಗೂ ಜಾಗಕ್ಕೂ ಓಡಿದೆ. ಹೊಲ ಮನೆ ಕಟ್ಟಲು ಎನ್.ಎ., ಅಂದರೆ ಬೇಸಾಯೇತರ ಜಾಗ ಆಗಿದೆಯೇ, ಪಹಣಿಯ ಉತಾರದಲ್ಲಿ ಯಾರ್ಯಾರ ಹೆಸರಿದೆ, ಸಾಲದ ಬೋಜಾ ಇದೆಯೇ, ಕಾಗದದಲ್ಲಿ ಬರೆದ ಗಡಿ, ಅಂದರೆ ಚೆಕ್‌ಬಂದಿ, ನೆಲದ ಕಲ್ಲಿಗೆ ಹೊಂದುತ್ತದೆಯೇ. ಟೇಪು ಹಿಡಿದರೆ ಮೂಲೆಯ ಕಲ್ಲು ಮೂರು ಅಡಿ ಒಳಗೆ ಬಂದು ಕೂತಿತ್ತು! ಪಕ್ಕದ ಮನೆಯ ಅವ್ವ ನೀರು ಕೊಟ್ಟು, "ಎಮ್ಮಿ ಕಟ್ಟಾಕ ಸರಿಸಿದ್ವಿ ತಮ್ಮಾ, ಒಯ್ಯಿ ನಿನ್ನ ಕಲ್ಲ" ಎಂದಳು. ಎಮ್ಮೆಯೂ ಕಲ್ಲೂ ಅವರವರ ಜಾಗಕ್ಕೆ ಮರಳಿದವು.

ಬುನಾದಿ ಪೂಜೆಯ ದಿನ ತಡೆಯಲಾಗಲಿಲ್ಲ. "ಕಾಕಾ, ಆವತ್ತ ಫೋನ್ ಮಾಡಿದಾಂವ ನಾನ."

"ಗೊತ್ತದ ಲೇ ಖೋಡಿ. ನಿಮ್ಮ ಕಾಕೂ ರೊಟ್ಟಿ ಬಡಿಯೋ ಸಪ್ಪಳ ಈ ಕಿವಿಗೂ ಕೇಳ್ತಿತ್ತು, ಫೋನಿನಾಗೂ ಕೇಳ್ತಿತ್ತು. ಆಕಿ ಬಾಗೇವಾಡ್ಯಾಗ ರೊಟ್ಟಿ ಬಡೀತಾಳೇನು?"

"ಮತ್ತ ಯಾಕ ಹೋದ್ರಿ?"

"ಮನಸ್ಸಿತ್ತು, ಧೈರ್ಯ ಇರಲಿಲ್ಲ. ನಾಳೆ ತಪ್ಪಾದ್ರ ಬೈಲಿಕ್ಕೆ ಒಬ್ಬಾಂವ ಬೇಕಾಗಿದ್ದ. ನೀ ಸಿಕ್ಕಿ. ಅದರ ಮ್ಯಾಲ ತಿಂಗಳತನಕಾ ನನಗ ಹೇಳದ ಕಾಗದಾ ನೋಡಾಕ ಓಡ್ಯಾಡಿದಿ."

ಆದ್ದರಿಂದ ಹೂಡಿಕೆದಾರರೇ, ವಕೀಲರಿಗೆ ಕಾಗದ ತೋರಿಸಿ, ಪಕ್ಕದ ಮನೆಯಲ್ಲಿ ನೀರು ಕುಡಿಯಿರಿ, ಜೊತೆಗೆ ತಪ್ಪು ಮಾಡಿ ಹೆದರಿದವನೊಬ್ಬನನ್ನು ಮನೆಯಲ್ಲಿಟ್ಟುಕೊಳ್ಳಿ. ಸಿಗದಿದ್ದರೆ ನಾನಿದ್ದೇನೆ. ಫೋನ್ ಹಚ್ಚುವಾಗ ಮಾತ್ರ ಇನ್ನು ಅಡಿಗೆಮನೆಯಿಂದ ದೂರ ನಿಲ್ಲುತ್ತೇನೆ.