ಸಾಹೇಬರ ಮಷಿನ್ನಿಗೆ ಗದ್ದಲ ಆಗದು

ಗುಡ್ಡದ ಕೆಳಗಿನ ಹೊಲದ ಕರೆಮ್ಮ ಆ ದಿನವೇ ಪಂಪು ಚಾಲೂ ಮಾಡಬೇಕೆ?

ರಂಗಂಪೇಟೆ ಆಚೆಯ ಗುಡ್ಡದ ಮೇಲೆ ಬಸವಂತರಾಯ ಹನ್ನೊಂದು ತಿಂಗಳಿಂದ ಒಬ್ಬನೇ ಒಂದು ಉಪಕರಣ ಕಾಯುತ್ತಿದ್ದ. ಅದರೊಳಗೆ ಮೈ ಕೊರೆಯುವ ಚಳಿಯಲ್ಲಿಟ್ಟ ಕೂದಲೆಳೆಯಂಥ, ವಿದ್ಯುತ್ತು ತಡೆಯಿಲ್ಲದೆ ಹರಿಯುವ ಅತಿವಾಹಕ ಪಟ್ಟಿ. ಕಣ್ಣಿಗೆ ಕಾಣದ ನಕ್ಷತ್ರದ ಬೆಳಕು ಹಾಡುಹಗಲೇ ಅದಕ್ಕೆ ತಾಕಿದರೂ ಪರದೆಯ ಗೆರೆ ಮಿಡಿಯುತ್ತದೆ. ಪುಣೆಯ ಕಚೇರಿಯವರು ಇಂದು ಹನ್ನೆರಡರಿಂದ ಒಂದರವರೆಗೆ ಪರೀಕ್ಷೆ ನೋಡುವರು. ಪಾಸಾದರೆ ಪುಣೆಗೆ ಮರಳಿ ಹತ್ತು ಜನರ ನಡುವೆ ಚಹಾ ಕುಡಿಯಬಹುದು. ಇಲ್ಲಿ ಅವನು ಥರ್ಮಾಮೀಟರಿಗೆ ಕಷ್ಟಸುಖ ಹೇಳಿಕೊಳ್ಳುವ ಹಂತಕ್ಕೆ ಬಂದಿದ್ದ. ಸಂಜೆ ರೊಟ್ಟಿ ತಂದು ಅರ್ಧ ತಾಸು ಹರಟುವ ಕರೆಮ್ಮನೇ ಅವನ ಪಾಲಿನ ಊರು.

ಹತ್ತು ಗಂಟೆಗೆ ಕೆಳಗಿನ ಪಂಪಿನ ಅದುರಿಗೆ ಗೆರೆ ಗರಗಸದ ಹಲ್ಲಾಯಿತು. ಅವನು ಬಿದ್ದಂಬೀಳ ಗುಡ್ಡ ಇಳಿದ.

"ಅಕ್ಕಾ, ಮೋಟರ್ ಬಂದ್ ಮಾಡ್ರಿ. ಅದು ನಡದ್ರ ನನ್ನ ಮಷಿನ್ ಕೆಡ್ತದ."

"ಕೆನಾಲಿಗಿ ನೀರು ಬಂದದ್ದೇ ಇವತ್ತರಿ ಸಾಹೇಬ್ರ. ನಮ್ದು ಕಡೀ ಹೊಲ, ತಡ ಮಾಡಿದ್ರ ನೀರು ಸಿಗಂಗಿಲ್ಲ."

"ಒಂದೇ ತಾಸು. ಈ ಪರೀಕ್ಷಾ ಹೋದ್ರ ನಾ ಇಲ್ಲೇ ಕೊಳೀತೀನಿ."

ಕರೆಮ್ಮನಿಗೆ ಪಾಪ ಅನ್ನಿಸಿತು. "ಹನ್ನೆರಡಕ್ಕ ಬಂದ್ ಮಾಡ್ತೀನಿ, ಹೋಗ್ರಿ. ಗಿರಣಿ ಉಸ್ಮಾನಸಾಬಗೂ ಹೇಳ್ತೀನಿ."

ಉಸ್ಮಾನಸಾಬ ಗಿರಣಿ ನಿಲ್ಲಿಸಿದ್ದಲ್ಲದೆ ಮೊಪೆಡ್ ಏರಿ ಊರಿಗೆಲ್ಲ ಸುದ್ದಿ ಮುಟ್ಟಿಸಿದ. ಮೊದಲ ಮನೆಯಲ್ಲಿ ಸುದ್ದಿ ಮೋಟರ್ ಆಗದು ಎಂದಷ್ಟೇ ಇತ್ತು. ಊರು ಸುತ್ತಿ ಕೊನೆಗೆ ಕರೆಮ್ಮನ ಮನೆಗೆ ಬರುವಷ್ಟರಲ್ಲಿ ಸಾಹೇಬರ ಮಷಿನ್ನಿಗೆ ಮನುಷ್ಯರ ಮಾತೂ ಆಗದು ಎಂದಾಗಿತ್ತು. ಇದನ್ನು ವರದಿ ಮಾಡಲು ಹನ್ನೆರಡಕ್ಕೆ ಸರಿಯಾಗಿ ಅವನು ಮೊಪೆಡ್ ಗುಡುಗಿಸುತ್ತ ಗುಡ್ಡ ಏರಿದ. ಗೆರೆ ಕುಣಿಯಿತು. ಹಿಂದೆಯೇ ಓಡಿಬಂದ ಕರೆಮ್ಮ ಮೊಪೆಡ್ಡಿನ ಚಾವಿ ಕಿತ್ತುಕೊಂಡಳು.

ಆಮೇಲೆ ಊರು ಉಸಿರು ಬಿಗಿಹಿಡಿದಂತಿತ್ತು. ಗೆರೆ ನೆಟ್ಟಗಾಗಿ, ನಡುವೆ ನಕ್ಷತ್ರದ ಬೆಳಕಿಗೆ ಸಣ್ಣಗೆ ಒಮ್ಮೆ ಮಿಡಿಯಿತು. ಬಸವಂತರಾಯನ ಕಣ್ಣು ತುಂಬಿದವು. ಆಗಲೇ ಅವನು ಪುಣೆಗೆ ಹೊರಡಲು ಬಟ್ಟೆ ಗಂಟು ಕಟ್ಟತೊಡಗಿದ.

ಮೂರು ಗಂಟೆಗೆ ಪುಣೆಯಿಂದ ಮೇಲಧಿಕಾರಿಯ ಫೋನು ಬಂತು. "ಅದ್ಭುತ ಕಣ್ರೀ. ದೇಶದಲ್ಲೇ ಇಷ್ಟು ನಿಶ್ಶಬ್ದ ಜಾಗ ಸಿಕ್ಕಿಲ್ಲ. ಇನ್ನು ಮೂರು ವರ್ಷ ವೀಕ್ಷಣೆ ಅಲ್ಲೇ. ಉಪಕರಣದ ಗುಣ ಬಲ್ಲವರು ನೀವೊಬ್ಬರೇ, ಅಲ್ಲೇ ಇರಿ."

ಕಟ್ಟಿದ ಗಂಟನ್ನು ಅವನು ಬಿಚ್ಚಲೂ ಇಲ್ಲ. ಇಂಥ ಹೊತ್ತಿನಲ್ಲಿ ಹೇಳಿಕೊಳ್ಳಲು ಒಂದು ಜೀವ ಬೇಕಿತ್ತು. ಸಂಜೆ ಕರೆಮ್ಮನ ನೆರಳು ಕಂಡದ್ದೇ ಬಾಗಿಲಿಗೆ ಓಡಿದ.

"ಅಕ್ಕಾ, ಕೂಡ್ರಿ. ಸ್ವಲ್ಪ ಮಾತಾಡ್ರಿ."

ಕರೆಮ್ಮ ತುಟಿಯ ಮೇಲೆ ಬೆರಳಿಟ್ಟಳು. ಒಳಗಿನ ಉಪಕರಣ ತೋರಿಸಿ, ಬೇಡವೆಂದು ಕೈಯಾಡಿಸಿದಳು. ರೊಟ್ಟಿ ಹೊಸ್ತಿಲಲ್ಲಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಸದ್ದಿಲ್ಲದೆ ಇಳಿದುಹೋದಳು.

ಕೆಳಗೆ ಅವಳ ಪಂಪು ಮಧ್ಯಾಹ್ನ ಒಂದರಿಂದಲೂ ಜೋರಾಗಿ ಓಡುತ್ತಲೇ ಇತ್ತು.